ಮಳೆ ಇದ್ದಂತೆ ಕಾಡು, ಕಾಡು ಇದ್ದಂತೆ ಬೆಳೆ

ಮಡಿಕೇರಿಯಿಂದ ಪಿರಿಯಾಪಟ್ಟಣ, ಹುಣಸೂರು ಮಾರ್ಗವಾಗಿ ಕೃಷ್ಣರಾಜನಗರಕ್ಕೆ ಬರುವ ದಾರಿ ಹೆಚ್ಚೆಂದರೆ ನೂರು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಮೂರು ಗಂಟೆಯ ಪ್ರಯಾಣ. ಆದರೆ ಈ ಮೂರು ಗಂಟೆಯಲ್ಲಿ ನೆಲದ ಚಹರೆಯೇ ಬದಲಾಗಿಬಿಡುತ್ತದೆ. ಘಟ್ಟದ ಕಡೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ನಡುವೆ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುವ ತೇಗ, ಮತ್ತಿ, ಬಿದಿರಿನ ಕಾಡು. ಅದು ಮುಗಿದರೆ ಜಾಲಿ, ಕಾರೆ, ತಂಗಡಿ ಗಿಡಗಳ ಕುರುಚಲು ದಿಣ್ಣೆ. ಕೊನೆಗೆ ನಾಲೆಯ ನೀರಿನಲ್ಲಿ ನಿಂತ ಭತ್ತದ ಗದ್ದೆ. ಒಂದೇ ಸೂರ್ಯ, ಒಂದೇ ಆಕಾಶ. ಆದರೂ ಇಷ್ಟು ವ್ಯತ್ಯಾಸ ಏಕೆ?

ಈ ಪ್ರಶ್ನೆಗೆ ಉತ್ತರ ತಿಳಿದರೆ ಇಡೀ ಭೂಮಂಡಲದ ಕಾಡು, ಹುಲ್ಲುಗಾವಲು, ಮರುಭೂಮಿಗಳ ಗುಟ್ಟು ತಿಳಿದಂತೆ. ಅಷ್ಟೇ ಅಲ್ಲ, ನಮ್ಮ ಹೊಲದಲ್ಲಿ ಯಾವ ಬೆಳೆ ನೆಮ್ಮದಿಯಾಗಿ ನಿಲ್ಲುತ್ತದೆ, ಯಾವುದು ನಮ್ಮನ್ನು ಸಾಲಕ್ಕೆ ತಳ್ಳುತ್ತದೆ ಎಂಬುದನ್ನೂ ಬಹುಮಟ್ಟಿಗೆ ಅಳೆಯಬಹುದು. ಹಾಗಾಗಿ ಇದು ಶಾಲೆಯ ಭೂಗೋಳದ ಪಾಠ ಮಾತ್ರವಲ್ಲ, ಬೇಸಾಯದ ಪಾಠವೂ ಹೌದು.

ಭೂಮಿಯ ಜೀವವಲಯಗಳು

ಹವೆ, ಗಿಡಮರ, ಪ್ರಾಣಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ಬಾಳುವ ವಿಶಾಲ ಪ್ರದೇಶಕ್ಕೆ ವಿಜ್ಞಾನಿಗಳು ಜೀವವಲಯ ಎನ್ನುತ್ತಾರೆ. ಇವುಗಳನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿ: ಬಿಸಿಲು ಎಷ್ಟು, ಮಳೆ ಎಷ್ಟು ಮತ್ತು ಯಾವಾಗ.

ಭೂಮಧ್ಯರೇಖೆಯ ಬಳಿ ಸೂರ್ಯನ ಶಾಖ ನೇರವಾಗಿ ಬೀಳುತ್ತದೆ. ಕಾದ ಗಾಳಿ ಹಬೆಯೊಡನೆ ಮೇಲೇರಿ, ತಣಿದು, ಅಲ್ಲೇ ಮಳೆ ಸುರಿಸುತ್ತದೆ. ವರ್ಷದ ಹೆಚ್ಚಿನ ತಿಂಗಳು ಮಳೆ. ಅಲ್ಲಿ ಬೆಳೆಯುವುದು ನಿತ್ಯಹರಿದ್ವರ್ಣ ಕಾಡು. ದಕ್ಷಿಣ ಅಮೆರಿಕದ ಅಮೆಜಾನ್, ಆಫ್ರಿಕದ ಕಾಂಗೋ ಕಾಡುಗಳು ಇಂಥವು. ಹೀಗೆ ನೀರು ಕಳೆದುಕೊಂಡ ಗಾಳಿ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಕೆಳಗಿಳಿಯುತ್ತದೆ. ಇಳಿಯುವ ಒಣಗಾಳಿ ಮಳೆ ಕೊಡದು. ಸಹಾರಾ, ಅರೇಬಿಯ, ಆಸ್ಟ್ರೇಲಿಯದ ಮರಳುಗಾಡುಗಳು ಹುಟ್ಟಿದ್ದು ಹೀಗೆ. ಅಲ್ಲಿ ಒಂಟೆ, ಖರ್ಜೂರ, ಮುಳ್ಳುಗಿಡಗಳಿಗೆ ಮಾತ್ರ ಬದುಕು.

ಈ ಎರಡರ ನಡುವೆ, ಕೆಲವು ತಿಂಗಳು ಮಳೆ, ಕೆಲವು ತಿಂಗಳು ಒಣಹವೆ ಇರುವ ನಾಡುಗಳಿವೆ. ಆಫ್ರಿಕದಲ್ಲಿ ಇದು ಅಲ್ಲಲ್ಲಿ ಮರವಿರುವ ಹುಲ್ಲುಬಯಲು. ಅದಕ್ಕೆ ಸವನ್ನಾ ಎಂದು ಹೆಸರು. ಜೀಬ್ರಾ, ಜಿರಾಫೆ, ಸಿಂಹಗಳ ನೆಲೆ ಅದು. ನಮ್ಮಲ್ಲಿ ಇದೇ ಹವೆ ಎಲೆಯುದುರುವ ಕಾಡನ್ನು ಬೆಳೆಸಿದೆ.

ಇನ್ನೂ ಉತ್ತರಕ್ಕೆ ಹೋದರೆ ಚಳಿಯ ಆಳ್ವಿಕೆ. ಯೂರೋಪಿನ ಓಕ್, ಬೀಚ್ ಮರಗಳೂ ಎಲೆ ಉದುರಿಸುತ್ತವೆ. ಆದರೆ ಕಾರಣ ಬೇರೆ. ನಮ್ಮ ಮರ ಎಲೆ ಕಳಚುವುದು ನೀರಿನ ಅಭಾವಕ್ಕೆ, ಅಲ್ಲಿನದು ಕೊರೆಯುವ ಚಳಿಗೆ. ಮಳೆ ಕಡಮೆಯಿರುವ ಒಳನಾಡುಗಳಲ್ಲಿ ಮರವೇ ಇಲ್ಲದ ಹುಲ್ಲುಗಾವಲು. ಯುಕ್ರೇನಿನ ಸ್ಟೆಪ್ಪಿ, ಅಮೆರಿಕದ ಪ್ರೇರಿ ಇವೇ. ಹುಲ್ಲಿನ ಬೇರು ಸಾವಿರಾರು ವರ್ಷ ಕೊಳೆತು ಆದ ಕರಿನೆಲದಲ್ಲಿ ಇಂದು ಜಗತ್ತಿನ ಗೋಧಿ ಬೆಳೆಯುತ್ತದೆ. ಅದಕ್ಕೂ ಉತ್ತರದಲ್ಲಿ ಸೂಜಿ ಎಲೆಯ ಪೈನ್ ಕಾಡುಗಳ ಟೈಗಾ. ತೋಳ, ಕರಡಿಗಳ ನೆಲೆ. ಕೊನೆಗೆ ಮರವೇ ಬೆಳೆಯಲಾರದ ತುಂಡ್ರಾ. ಅಲ್ಲಿ ಪಾಚಿ, ಕಲ್ಲುಹೂವು, ಅವನ್ನು ತಿಂದು ಬದುಕುವ ಹಿಮಸಾರಂಗ.

ಅಳತೆಗಿಂತ ಹಂಚಿಕೆ ಮುಖ್ಯ

ಹೆಚ್ಚು ಮಳೆಯಾದರೆ ಹೆಚ್ಚು ಹಸಿರು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇದು ಅರ್ಧ ಮಾತ್ರ ನಿಜ. ಲಂಡನ್ ನಗರದ ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅಂದರೆ 24 ಅಂಗುಲ. ಕೃಷ್ಣರಾಜನಗರದ ಕಡೆ ಸಾಧಾರಣ ವರ್ಷದಲ್ಲಿ ಇದಕ್ಕಿಂತ ಹೆಚ್ಚೇ ಬೀಳುತ್ತದೆ. ಆದರೂ ಅಲ್ಲಿನ ಹುಲ್ಲು ಸದಾ ಹಸಿರು, ನಮ್ಮ ದಿಣ್ಣೆ ಮಾರ್ಚಿಯಲ್ಲಿ ಬೆಂದು ಕಂದಾಗುತ್ತದೆ. ಅಲ್ಲಿನ ಮಳೆ ಹನ್ನೆರಡು ತಿಂಗಳಿಗೂ ಜಿನುಗಾಗಿ ಹಂಚಿಕೊಂಡಿದೆ; ತಂಪು ಹವೆಯಲ್ಲಿ ನೀರು ಬೇಗ ಆರುವುದಿಲ್ಲ. ನಮ್ಮಲ್ಲಿ ನಾಲ್ಕು ಹದ ಮಳೆಯಲ್ಲೇ ಬಹುಪಾಲು ಬಿದ್ದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ನೆಲದ ಹಸಿಯನ್ನು ಹೀರುತ್ತದೆ.

ಆದ್ದರಿಂದ ಒಂದು ಸೀಮೆಯ ಭಾಗ್ಯವನ್ನು ಬರೆಯುವುದು ಮಳೆಯ ಒಟ್ಟು ಅಳತೆಗಿಂತ ಮಳೆಯಿಲ್ಲದ ತಿಂಗಳುಗಳ ಲೆಕ್ಕ. ಎರಡು ಮೂರು ತಿಂಗಳು ಮಾತ್ರ ಒಣಗಿದರೆ ಕಾಡು ಹಸಿರಾಗಿಯೇ ಉಳಿಯಬಲ್ಲದು. ಐದಾರು ತಿಂಗಳು ಒಣಗಿದರೆ ಎಲೆ ಉದುರಿಸಬೇಕು. ಅದಕ್ಕೂ ಮೀರಿದರೆ ಮರ ಕುಗ್ಗಿ ಮುಳ್ಳುಗಿಡವಾಗಬೇಕು.

ಘಟ್ಟದಿಂದ ಎಡತೊರೆಗೆ

ಈ ಲೆಕ್ಕವನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಾಕಿ ನೋಡೋಣ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮಾರುತ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಮಿಕ್ಕಿ, ಮಡಿಕೇರಿಯಲ್ಲಿ 3000ಕ್ಕೂ ಮಿಕ್ಕಿ ಮಳೆ. ಘಟ್ಟ ದಾಟಿದ ಗಾಳಿಯಲ್ಲಿ ಉಳಿಯುವ ನೀರು ಸ್ವಲ್ಪ. ನಾಗರಹೊಳೆ ಕಾಡಿನ ಪಶ್ಚಿಮದಲ್ಲಿ 1500 ಮಿ.ಮೀ.ನಷ್ಟಿರುವ ಮಳೆ ಪೂರ್ವದ ಅಂಚಿಗೆ ಬರುವಷ್ಟರಲ್ಲಿ 1000ಕ್ಕೆ ಇಳಿಯುತ್ತದೆ. ಕೃಷ್ಣರಾಜನಗರದ ಕಡೆ ಅದು 700ರಿಂದ 800. ಅಂದರೆ ನಾವಿರುವುದು ಘಟ್ಟದ ಮಳೆ ನೆರಳಿನಲ್ಲಿ.

ಅಳತೆಯ ಜೊತೆಗೆ ಮಳೆಯ ಕಾಲವೂ ಬದಲಾಗುತ್ತದೆ. ಕೊಡಗಿನಲ್ಲಿ ಜುಲೈ ತಿಂಗಳೇ ಮಳೆಗಾಲದ ನೆತ್ತಿ. ಮೈಸೂರು ಸೀಮೆಯಲ್ಲಿ ಮೇ ತಿಂಗಳ ಗುಡುಗು ಮಳೆ ಒಂದು ಏರು, ಸೆಪ್ಟೆಂಬರ್-ಅಕ್ಟೋಬರಿನದು ಇನ್ನೊಂದು ಏರು. ನಡುವಿನ ಜುಲೈಯಲ್ಲಿ ಮೋಡ ಹೆಚ್ಚು, ಮಳೆ ಕಡಮೆ. ನಮ್ಮ ಹಿರಿಯರು ಭರಣಿ, ಕೃತ್ತಿಕೆಯನ್ನು ಒಂದು ಬೆಳೆಗೂ, ಹಸ್ತ, ಚಿತ್ತೆಯನ್ನು ಇನ್ನೊಂದಕ್ಕೂ ಕಾದು ಬೇಸಾಯ ಕಟ್ಟಿದ್ದು ಈ ಎರಡು ಏರುಗಳ ಮೇಲೆಯೇ.

ಮಳೆ ಇಳಿದಂತೆ ಕಾಡೂ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಲಕ್ಷ್ಮಣತೀರ್ಥ ಹುಟ್ಟುವ ಬ್ರಹ್ಮಗಿರಿಯ ಕಣಿವೆಗಳಲ್ಲಿ ನಿತ್ಯಹಸಿರಿನ ಶೋಲೆ ಕಾಡು, ಅದರ ಮೇಲೆ ಹುಲ್ಲಿನ ಬೆಟ್ಟ. ಹೊಳೆ ಇಳಿದು ಬಂದಂತೆ ನಾಗರಹೊಳೆಯ ಪಶ್ಚಿಮ ಭಾಗ. ಇಲ್ಲಿ ಮತ್ತಿ, ನಂದಿ, ಬೀಟೆ, ತೇಗ, ಹೊನ್ನೆ ಮರಗಳು ಎತ್ತರಕ್ಕೆ ಬೆಳೆಯುತ್ತವೆ. ಬಿದಿರು ಮೆಳೆ ಕಟ್ಟುತ್ತದೆ. ಪೂರ್ವಕ್ಕೆ ವೀರನಹೊಸಹಳ್ಳಿ, ಅಂತರಸಂತೆಯ ಕಡೆ ಬಂದರೆ ಮರಗಳು ಗಿಡ್ಡ. ದಿಂಡಿಗ, ಕಕ್ಕೆ, ಮುತ್ತುಗ, ನೆಲ್ಲಿ ಹೆಚ್ಚು. ಇದು ಒಣ ಕಾಡು. ಹುಣಸೂರು ತಾಲ್ಲೂಕಿನ ಅರಬಿತಿಟ್ಟು ವನ್ಯಧಾಮಕ್ಕೆ ಬಂದರೆ ಕುರುಚಲು. ಶ್ರೀಗಂಧ ನೆಚ್ಚುವ ನೆಲ ಇದು. ಪಕ್ಕದ ಗಿಡದ ಬೇರಿನಿಂದ ಒಂದಿಷ್ಟು ಆಹಾರ ಎರವಲು ಪಡೆದು ಬೆಳೆಯುವ ಶ್ರೀಗಂಧಕ್ಕೆ ಇಂಥ ಗಿಡಗಂಟಿಗಳ ನೆರೆಯೇ ಬೇಕು.

ಗದ್ದೆಯಂತಹ ಹಡ್ಲು, ಬಡ್ಡಿ ತಿನ್ನುವ ಹುಲಿ

ನಾಗರಹೊಳೆ 1955ರಲ್ಲಿ ವನ್ಯಧಾಮವಾಗಿ ಆರಂಭವಾಗಿ ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನದ ವಿಸ್ತೀರ್ಣ ಸುಮಾರು 640 ಚದರ ಕಿಲೋಮೀಟರ್. ಇಷ್ಟು ಜಾಗದಲ್ಲಿ ಆನೆ, ಕಾಟಿ, ಕಡವೆ, ಚುಕ್ಕೆ ಜಿಂಕೆ, ಕಾಡುಹಂದಿಗಳ ಜೊತೆಗೆ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ದಟ್ಟ ಮಳೆಕಾಡಿನಲ್ಲಿ ಇಷ್ಟು ದೊಡ್ಡ ಮೃಗಗಳ ಹಿಂಡು ಕಾಣುವುದಿಲ್ಲ. ಕಾರಣ ಸರಳ. ಅಲ್ಲಿ ಬಿಸಿಲೆಲ್ಲ ಮರದ ತಲೆಯಲ್ಲೇ ಉಳಿದು, ನೆಲದ ಮೇಲೆ ಮೇವು ಬೆಳೆಯದು. ಎಲೆಯುದುರುವ ಕಾಡಿನಲ್ಲಿ ಬೆಳಕು ನೆಲಕ್ಕೆ ಇಳಿಯುತ್ತದೆ, ಹುಲ್ಲು ಚಿಗುರುತ್ತದೆ. ಜೊತೆಗೆ ಕಾಡಿನ ನಡುವಿನ ತಗ್ಗುಗಳಲ್ಲಿ ಹಡ್ಲು ಎಂಬ ಜೌಗು ಬಯಲುಗಳಿವೆ. ಜೇಡಿಮಣ್ಣಿನ ಈ ಹಡ್ಲುಗಳಲ್ಲಿ ಬೇಸಿಗೆಯಲ್ಲೂ ಹಸಿ ಉಳಿದು, ಸುತ್ತಲ ಕಾಡು ಒಣಗಿದಾಗ ಜಿಂಕೆ, ಕಾಟಿಗಳಿಗೆ ಮೇವು ಒದಗುತ್ತದೆ.

ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳ ಅಧ್ಯಯನ ನಡೆಸಿದರು. ಒಂದು ಹುಲಿ ವರ್ಷಕ್ಕೆ ಸುಮಾರು 50 ಜಿಂಕೆಯಂಥ ಪ್ರಾಣಿಗಳನ್ನು ಹಿಡಿಯುತ್ತದೆ. ಹಾಗಾಗಿ ಒಂದು ಹುಲಿಗೆ ಸುಮಾರು 500 ಪ್ರಾಣಿಗಳ ಹಿಂಡು ಬೇಕು ಎಂಬ ಲೆಕ್ಕ ಪ್ರಸಿದ್ಧವಾಗಿದೆ. ರೈತರ ಮಾತಿನಲ್ಲಿ ಹೇಳುವುದಾದರೆ, ಹುಲಿ ಅಸಲು ಮುಟ್ಟದೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ ಬದುಕುವ ಪ್ರಾಣಿ. ಜಿಂಕೆ ಕಡಮೆಯಾದರೆ ಅದು ಕೊಟ್ಟಿಗೆಯ ಕಡೆ ತಿರುಗುತ್ತದೆ.

ಆನೆಯ ಲೆಕ್ಕವೂ ಹೀಗೆಯೇ. ದೊಡ್ಡ ಆನೆಗೆ ದಿನಕ್ಕೆ 150 ಕಿಲೋವರೆಗೂ ಮೇವು ಬೇಕು. ಬಿದಿರು ಅದರ ಪ್ರೀತಿಯ ಮೇವು. ಆದರೆ ದೊಡ್ಡ ಬಿದಿರು ನಲವತ್ತು ವರ್ಷಕ್ಕೆ ಮೇಲೆ ಒಮ್ಮೆ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಅದಕ್ಕೆ ಜೊತೆಯಾಗಿ ಅಮೆರಿಕದ ಉಷ್ಣ ನಾಡುಗಳಿಂದ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ನಮ್ಮ ಕಾಡಿನ ನೆಲವನ್ನು ಮುಚ್ಚಿಕೊಂಡಿದೆ. ತವರಿನಲ್ಲಿ ಅದನ್ನು ಹದ್ದಿನಲ್ಲಿಡುವ ಕೀಟಗಳಿವೆ, ಇಲ್ಲಿ ಇಲ್ಲ. ದನವೂ ತಿನ್ನದು, ಜಿಂಕೆಯೂ ತಿನ್ನದು. ಹುಲ್ಲು ಬೆಳೆಯಬೇಕಾದ ಜಾಗದಲ್ಲಿ ಲಂಟಾನ ನಿಂತರೆ ಆನೆಗೆ ನಮ್ಮ ರಾಗಿ, ಮುಸುಕಿನ ಜೋಳವೇ ಗತಿ.

ಮನುಷ್ಯನೂ ಕೆಲವೊಮ್ಮೆ ಹೊಸ ಬಯಲನ್ನು ಸೃಷ್ಟಿಸುತ್ತಾನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ದೊಡ್ಡ ಕಾಡು, ಹಳ್ಳಿಗಳು ಮುಳುಗಿದವು. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ನೆಲವೂ ಅದರಲ್ಲಿ ಸೇರಿತು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ ಎಳೆ ಹುಲ್ಲು ಹುಟ್ಟುತ್ತದೆ. ನೂರಾರು ಆನೆಗಳು ಅಲ್ಲಿ ಕೂಡುತ್ತವೆ. ಹೊರಗಿನವರಿಗೆ ಅದು ನೋಟ; ಮುಳುಗಿದ ಊರುಗಳಿಂದ ಎದ್ದು ಬಂದವರಿಗೆ, ಹಾಡಿಗಳ ಜೇನುಕುರುಬ, ಬೆಟ್ಟಕುರುಬರಿಗೆ ಅದು ಕಳೆದುಹೋದ ನೆಲ ಎಂಬುದನ್ನು ಮರೆಯಬಾರದು.

ಚಳಿನಾಡಿನಿಂದ ಬೈಲುಕುಪ್ಪೆಗೆ

ಒಂದು ಜೀವವಲಯದ ಜನ ಇನ್ನೊಂದಕ್ಕೆ ಬಂದರೆ ಏನಾಗುತ್ತದೆ? ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ. 1960-61ರಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುನೆಲವನ್ನು ಟಿಬೆಟನ್ ನಿರಾಶ್ರಿತರಿಗೆ ಕೊಟ್ಟಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆಯಾಯಿತು. ಟಿಬೆಟ್ ಎತ್ತರದ, ಒಣ, ಕೊರೆಯುವ ಚಳಿಯ ಹುಲ್ಲುನಾಡು. ಲ್ಹಾಸಾ ನಗರವೇ ಸುಮಾರು 3650 ಮೀಟರ್ ಎತ್ತರದಲ್ಲಿದೆ. ಬಾರ್ಲಿ ಅಲ್ಲಿನ ಧಾನ್ಯ, ಯಾಕ್ ಅಲ್ಲಿನ ದನ. ಅಂಥವರು ಏಳೆಂಟು ನೂರು ಮೀಟರ್ ಎತ್ತರದ, ಸೆಕೆಯ, ಎಲೆಯುದುರುವ ಕಾಡಿಗೆ ಬಂದಾಗ ಆರಂಭದ ವರ್ಷಗಳಲ್ಲಿ ಜ್ವರ, ಸೆಕೆ, ಆನೆಕಾಟಗಳಿಂದ ಬಹಳ ಬಳಲಿದರು. ಬಾರ್ಲಿಯನ್ನೇ ಹಿಡಿದು ಕೂತಿದ್ದರೆ ಅವರು ಉಳಿಯುತ್ತಿರಲಿಲ್ಲ. ಇಲ್ಲಿನ ಮುಂಗಾರಿಗೆ ಒಗ್ಗುವ ಮುಸುಕಿನ ಜೋಳವನ್ನು ಹಿಡಿದರು; ಅದು ಅವರ ಮುಖ್ಯ ಬೆಳೆಯಾಯಿತು. ಊಟ ತವರಿನದಾದರೂ ಬೆಳೆ ಕಾಲಿಟ್ಟ ನೆಲದ್ದಾಗಬೇಕು ಎಂಬ ಪಾಠವನ್ನು ಅವರು ಕಷ್ಟದಿಂದ ಕಲಿತರು.

ನಿಮ್ಮ ಬೆಳೆಯ ತವರು ಯಾವುದು?

ಸೊಸೆಯ ಸ್ವಭಾವ ತಿಳಿಯಲು ತವರನ್ನು ನೋಡು ಎನ್ನುವಂತೆ, ಬೆಳೆಯ ಸ್ವಭಾವ ತಿಳಿಯಲು ಅದರ ತವರನ್ನು ನೋಡಬೇಕು.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲೂ ಮಳೆ ಬಂದು ಹೋಗಿ, ಮತ್ತೆ ಬರುವ ಹವೆ. ಆದ್ದರಿಂದಲೇ ಮಳೆ ಕೈಕೊಟ್ಟಾಗ ರಾಗಿ ಬಾಡಿ ನಿಂತು, ಒಂದು ಹದ ಬಿದ್ದೊಡನೆ ಮತ್ತೆ ತೆಂಡೆ ಹೊಡೆಯುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಆ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಅಡಗಿವೆ. ಹುಣಸೂರಿಗೆ ಹೆಸರು ಕೊಟ್ಟಿತೆನ್ನುವ ಹುಣಸೆಯ ತವರೂ ಆಫ್ರಿಕದ ಒಣನಾಡೇ. ಬರಗಾಲದಲ್ಲೂ ಅದು ಕಾಯಿ ಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಭತ್ತ ಜೌಗುನೆಲದ ಹುಲ್ಲು. ಕೃಷ್ಣರಾಜನಗರದ ಕಾವೇರಿ ನಾಲೆಗಳು ಕುರುಚಲು ಸೀಮೆಯಲ್ಲಿ ಕೃತಕವಾಗಿ ಒಂದು ಜೌಗನ್ನು ನಿರ್ಮಿಸಿವೆ, ಅಷ್ಟೆ. ನಾಲೆ ನಿಂತ ವರ್ಷ ಆ ನೆಲ ತನ್ನ ಹಳೆಯ ಸ್ವಭಾವಕ್ಕೆ ಮರಳುತ್ತದೆ. ಅಂಥ ವರ್ಷ ಭತ್ತಕ್ಕೆ ಹಟ ಹಿಡಿಯದೆ ರಾಗಿ, ಹುರುಳಿ, ಅಲಸಂದೆಗೆ ತಿರುಗುವುದು ಜಾಣತನ.

ಹೊಗೆಸೊಪ್ಪಿನ ತವರು ದಕ್ಷಿಣ ಅಮೆರಿಕ. ನೀರು ಬಸಿದುಹೋಗುವ ಹಗುರ ಮಣ್ಣು, ಹದವಾದ ಮಳೆ ಅದಕ್ಕೆ ಬೇಕು. ನೀರು ನಿಂತರೆ ಬೇರು ಸಾಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕೆಂಪು ಮರಳು ಮಿಶ್ರಿತ ನೆಲ, ಮೇ ತಿಂಗಳ ಮಳೆ ಅದಕ್ಕೆ ಸರಿಹೊಂದಿದವು.

ಇನ್ನು ಶುಂಠಿ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಹಬ್ಬಿರುವ ಈ ಬೆಳೆಯ ತವರು ಮಳೆಕಾಡಿನಂಥ ತೇವದ, ಅರೆನೆರಳಿನ ನೆಲ. ಅಲ್ಲಿ ಎಲೆಯ ಹೊದಿಕೆ, ಸಡಿಲ ಮಣ್ಣು, ಬಸಿಯುವ ನೀರು ಮೂರೂ ಉಂಟು. ನಾವು ಅದನ್ನು ಬಯಲಿನ ಬಿಸಿಲಿಗೆ ತಂದು, ಕೊಳವೆಬಾವಿಯ ನೀರನ್ನು ತುಂತುರಾಗಿ ಹಾರಿಸಿ ಬೆಳೆಯುತ್ತಿದ್ದೇವೆ. ಬೆಲೆ ಸಿಕ್ಕಿದ ವರ್ಷ ಲಾಭ ಕಣ್ಣು ಕುಕ್ಕುತ್ತದೆ. ಆದರೆ ನೀರು ಹೆಚ್ಚಾದರೆ ಗೆಡ್ಡೆ ಕೊಳೆ, ಕಡಮೆಯಾದರೆ ಬಾಡು. ಬೆಳೆಯಲೇಬೇಕೆನ್ನುವವರು ಏರುಮಡಿ, ಎಲೆ ಹೊದಿಕೆ, ಬಸಿಗಾಲುವೆಗಳಿಂದ ಅದರ ತವರನ್ನು ಅಷ್ಟಾದರೂ ಕಟ್ಟಿಕೊಡಬೇಕು. ಒಂದೇ ಹೊಲದಲ್ಲಿ ವರ್ಷ ವರ್ಷವೂ ಹಾಕಬಾರದು.

ತೆಂಗು ಕಡಲತೀರದ ಮರ. ಹನ್ನೆರಡು ತಿಂಗಳೂ ಬೇರಿಗೆ ಹಸಿ ಬೇಕು. ಸುಳಿಯೊಳಗೆ ಹೊಂಬಾಳೆ ಮೊಳೆತಂದಿನಿಂದ ಕಾಯಿ ಬಲಿಯುವವರೆಗೆ ಮೂರು ವರ್ಷಕ್ಕೂ ಮೇಲಾಗುತ್ತದೆ. ಹಾಗಾಗಿ ಒಂದು ಬೇಸಿಗೆಯ ಬರ ಎರಡು ಮೂರು ವರ್ಷದ ಫಸಲಿಗೆ ಪೆಟ್ಟು ಕೊಡುತ್ತದೆ. ಖಾತ್ರಿ ನೀರಿಲ್ಲದ ದಿಣ್ಣೆಯಲ್ಲಿ ತೆಂಗಿಗಿಂತ ಮಾವು, ಹುಣಸೆ, ನೆಲ್ಲಿಯೇ ಲೇಸು.

ಬ್ಯಾರನ್ ಮತ್ತು ಕಾಡು

ಹೊಗೆಸೊಪ್ಪಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬ್ಯಾರನ್‌ನಲ್ಲಿ ಒಂದು ಕಿಲೋ ಸೊಪ್ಪು ಹದವಾಗಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಸಾವಿರ ಕಿಲೋ ಸೊಪ್ಪಿಗೆ ನಾಲ್ಕೈದು ಟನ್. ಈ ಸೌದೆ ಎಲ್ಲಿಂದ ಬಂತು ಎಂದು ಪ್ರತಿ ಹಳ್ಳಿಯೂ ಕೇಳಿಕೊಳ್ಳಬೇಕು. ಬದುವಿನ ಮಾವು, ಹುಣಸೆ, ಹೊಂಗೆ, ಗೋಮಾಳದ ಮರಗಳು ಹೇಗೆ ಕರಗಿದವೆಂದು ಹಿರಿಯರಿಗೆ ಗೊತ್ತಿದೆ. ಎಲೆಯುದುರುವ ಕಾಡು ವರ್ಷಕ್ಕೆ ಕೊಡಬಲ್ಲ ಸೌದೆಗೆ ಮಿತಿಯುಂಟು. ಹುಲಿ ಬಡ್ಡಿಯಲ್ಲಿ ಬದುಕುತ್ತದೆ. ನಾವು ಅಸಲಿಗೇ ಕೈಹಾಕಿದರೆ ಕಾಡು ಕುರುಚಲಾಗುತ್ತದೆ, ಕುರುಚಲು ಬರಡಾಗುತ್ತದೆ. ಮರ ಹೋದ ನೆಲದಲ್ಲಿ ಬಿದ್ದ ಮಳೆ ನಿಲ್ಲದೆ ಹರಿದುಹೋಗುತ್ತದೆ. ಮಳೆಮಾಪಕದಲ್ಲಿ 800 ಮಿ.ಮೀ. ಎಂದೇ ಬಂದರೂ ಬೇರಿಗೆ ಸಿಗುವುದು ಅದರ ಒಂದಂಶ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅಂಗೀಕರಿಸಿದೆ. ಇಂದಲ್ಲ ನಾಳೆ ಪರ್ಯಾಯ ಬೆಳೆಯ ಮಾತು ಪ್ರತಿ ಮನೆಯ ಬಾಗಿಲಿಗೂ ಬರುತ್ತದೆ. ಆಗ ಪಕ್ಕದವನ ಹೊಲದ ಹಣ ನೋಡಿ ಬೆಳೆ ಆರಿಸಬಾರದು, ತನ್ನ ಹೊಲದ ಹವೆ ನೋಡಿ ಆರಿಸಬೇಕು.

ರೈತ ಬಾಂಧವರು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಮೊದಲನೆಯದಾಗಿ, ನಿಮ್ಮ ಊರಿನ ಹತ್ತು ವರ್ಷದ ಮಳೆ ಲೆಕ್ಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ತಿಂಗಳುವಾರು ಬರೆದುಕೊಳ್ಳಿ. ಮಳೆಯಿಲ್ಲದ ತಿಂಗಳು ಎಷ್ಟೆಂದು ಎಣಿಸಿ. ಎರಡನೆಯದಾಗಿ, ನಿಮ್ಮ ಹೊಲಕ್ಕೆ ಹತ್ತಿರದ ಕಾಡಿನಲ್ಲೋ ಗೋಮಾಳದಲ್ಲೋ ತಾನಾಗಿ ಬೆಳೆದು ಉಳಿದಿರುವ ಮರ ಯಾವುದೆಂದು ನೋಡಿ. ದಿಂಡಿಗ, ಮುತ್ತುಗ ಕಂಡರೆ ಅದು ಒಣಸೀಮೆ. ಮತ್ತಿ, ನಂದಿ ಕಂಡರೆ ಹಸಿ ಹೆಚ್ಚು. ಮೂರನೆಯದಾಗಿ, ಬದುವಿನ ಮೇಲೆ ಎಕರೆಗೆ ಹತ್ತಿಪ್ಪತ್ತಾದರೂ ಹೊಂಗೆ, ಬೇವು, ಹುಣಸೆ, ನೆಲ್ಲಿ ನೆಡಿ. ಹೊಂಗೆ ಬೇಸಿಗೆಯಲ್ಲೇ ಚಿಗುರಿ ಮುಂಗಾರಿಗೆ ಹಸಿರೆಲೆ ಗೊಬ್ಬರ ಕೊಡುತ್ತದೆ. ಬ್ಯಾರನ್ ಇದ್ದವರು ಅದರ ಸೌದೆಯನ್ನು ಸ್ವಂತ ಹೊಲದಲ್ಲೇ ಬೆಳೆಯಲಿ. ನಾಲ್ಕನೆಯದಾಗಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡಿನ ನೆಲದಲ್ಲಿ ತರಗೆಲೆ ಸಿಡಿಮದ್ದಿನಂತೆ ಒಣಗಿರುತ್ತದೆ. ಬದುವಿಗೆ ಹಚ್ಚಿದ ಬೆಂಕಿ, ಎಸೆದ ಬೀಡಿಯ ಕಿಡಿ ಸಾಕು. ಸುಟ್ಟ ಜಾಗದಲ್ಲಿ ಎಳೆ ಸಸಿ ಸತ್ತು ಮೊದಲು ಚಿಗುರುವುದು ಲಂಟಾನವೇ.

ಅಮೆಜಾನಿನಲ್ಲಾಗಲಿ, ಸಹಾರಾದಲ್ಲಾಗಲಿ, ಹೆಗ್ಗಡದೇವನಕೋಟೆಯಲ್ಲಾಗಲಿ ನಿಯಮ ಒಂದೇ. ಬೀಳುವ ಮಳೆಯನ್ನು ಮೀರಿ ಯಾವ ಮರವೂ ಬಾಳುವುದಿಲ್ಲ, ಯಾವ ಮೃಗವೂ ಬಾಳುವುದಿಲ್ಲ. ಬೇಸಾಯಗಾರ ಕೊಳವೆಬಾವಿ ತೋಡಿ ಕೆಲವು ವರ್ಷ ಮೀರಬಹುದು. ಕೊಳವೆ ಬತ್ತಿದ ದಿನ ಅವನೂ ಈ ನಿಯಮಕ್ಕೆ ತಲೆಬಾಗಲೇಬೇಕು. ಬತ್ತುವ ಮೊದಲೇ ಬೆಳೆಯನ್ನು ಮಳೆಗೆ ಹೊಂದಿಸಿಕೊಂಡವನ ಮನೆಯಲ್ಲಿ ಬರದ ವರ್ಷವೂ ಕಣಜ ತೀರಾ ಬರಿದಾಗುವುದಿಲ್ಲ.